ಇರುವೆಯ ಬಾಗಿಲಲ್ಲಿ ಮಿಡತೆ: ಹಳೆಯ ಕಾರ್ಟೂನೊಂದರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು ನಾನು. ಬೇಸಿಗೆ ಶಿಬಿರಗಳು ಶುರುವಾದರೆ ಪ್ರೊಜೆಕ್ಟರ್ ಹೆಗಲಿಗೇರಿಸಿಕೊಂಡು ಶಾಲೆಯಿಂದ ಶಾಲೆಗೆ ತಿರುಗುತ್ತೇನೆ. ತೋರಿಸುವುದು ಒಂದೇ ಚಿತ್ರ, 1934ರ ‘ದಿ ಗ್ರಾಸ್‌ಹಾಪರ್ ಅಂಡ್ ದಿ ಆಂಟ್ಸ್’. ಚಿತ್ರ ಎಂಟು ನಿಮಿಷದ್ದು. ಮುಗಿದ ಮೇಲಿನ ಮಾತು ಮಾತ್ರ ಕರೆಂಟು ಹೋಗುವವರೆಗೆ. ಯಲಬುರ್ಗಾ, ಕುಷ್ಟಗಿ, ಲಿಂಗಸುಗೂರು, ಸಿಂಧನೂರು, ಸಂಡೂರು, ಎಲ್ಲಿಗೆ ಹೋದರೂ ತಿರುತಿರುಗಿ ಬರುವ ಪ್ರಶ್ನೆಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಕೆಲವನ್ನು ಮಕ್ಕಳು ಕೇಳಿದ್ದು, ಕೆಲವು ಪತ್ರದಲ್ಲಿ ಬಂದವು. ಒಂದೆರಡನ್ನು ಹಿರಿಯರು ಸಿಟ್ಟಿನಲ್ಲೇ ಕೇಳಿದರು.

## ಮೊದಲ ಸಲ ನೋಡುವವರು ಕೇಳುವುದು

ಸರ್, ಇದರಲ್ಲಿ ಕಥೆ ಏನು?

ಬೇಸಿಗೆ. ಮಿಡತೆ ಪಿಟೀಲು ಬಾರಿಸುತ್ತ, ಕುಣಿಯುತ್ತ, ಸಿಕ್ಕ ಎಲೆ ಕಡಿಯುತ್ತ ಬರುತ್ತದೆ. ಇರುವೆಗಳು ಕಾಳು ಹಣ್ಣು ಹೊತ್ತು ಸಾಲಾಗಿ ಹೊರಟಿವೆ. ಮಿಡತೆ ಒಂದು ಸಣ್ಣ ಇರುವೆಯ ತಲೆ ಕೆಡಿಸಿ ಕುಣಿತಕ್ಕೆ ಎಳೆಯುತ್ತದೆ. ಅಷ್ಟರಲ್ಲಿ ರಾಣಿ ಇರುವೆ ಬರುತ್ತಾಳೆ. ಸಣ್ಣದು ಹೆದರಿ ಕೆಲಸಕ್ಕೆ ಓಡುತ್ತದೆ. ಚಳಿಗಾಲ ಬಂದಾಗ ನಿನ್ನ ರಾಗ ಬದಲಾಗುತ್ತದೆ ಎಂದು ರಾಣಿ ಮಿಡತೆಗೆ ಎಚ್ಚರಿಸುತ್ತಾಳೆ, ಅದು ಕಿವಿಗೆ ಹಾಕಿಕೊಳ್ಳುವುದಿಲ್ಲ. ಎಲೆ ಉದುರುತ್ತವೆ, ಹಿಮ ಬೀಳುತ್ತದೆ. ಹಸಿದ ಮಿಡತೆಗೆ ಮರದಲ್ಲಿ ಒಂದೇ ಒಂದು ಒಣ ಎಲೆ ಕಾಣುತ್ತದೆ, ಅದನ್ನೂ ಗಾಳಿ ಹೊತ್ತೊಯ್ಯುತ್ತದೆ. ಕೊನೆಗೆ ಅದು ಇರುವೆಗಳ ಮನೆ ಬಾಗಿಲು ತಟ್ಟಿ ಅಲ್ಲೇ ಬೀಳುತ್ತದೆ. ಇರುವೆಗಳು ಎತ್ತಿಕೊಂಡು ಒಳಗೆ ಒಯ್ದು, ಬಿಸಿನೀರಲ್ಲಿ ಕಾಲಿಡಿಸಿ, ಉಣ್ಣಲು ಕೊಡುತ್ತವೆ. ಆಮೇಲೆ ರಾಣಿಯ ತೀರ್ಪು. ಅದನ್ನು ಇಲ್ಲಿ ಹೇಳುವುದಿಲ್ಲ, ಕೆಳಗೆ ಬರುತ್ತದೆ.

ಯಾರು ಮಾಡಿದ್ದು? ಅಷ್ಟು ಹಿಂದೆ ಬಣ್ಣ ಇತ್ತೇ?

ವಾಲ್ಟ್ ಡಿಸ್ನಿಯ ಸ್ಟುಡಿಯೋ ಮಾಡಿದ್ದು, ನಿರ್ದೇಶಕ ವಿಲ್ಫ್ರೆಡ್ ಜಾಕ್ಸನ್. ‘ಸಿಲ್ಲಿ ಸಿಂಫನಿ’ ಎಂಬ ಹೆಸರಿನಲ್ಲಿ 1929ರಿಂದ 1939ರವರೆಗೆ ಬಂದ 75 ಕಿರುಚಿತ್ರಗಳಲ್ಲಿ ಇದೂ ಒಂದು. 1934ರ ಫೆಬ್ರುವರಿಯಲ್ಲಿ ತೆರೆಕಂಡಿತು.

ಬಣ್ಣ ಇತ್ತು, ಆದರೆ ಹೊಸದಾಗಿ ಬಂದಿತ್ತು. ಅದಕ್ಕೂ ಹಿಂದಿನ ಎರಡು ಬಣ್ಣದ ಪದ್ಧತಿಯಲ್ಲಿ ಕೆಂಪು ಮತ್ತು ಹಸಿರಿನ ಛಾಯೆಗಳು ಮಾತ್ರ ಸಿಗುತ್ತಿದ್ದವು, ನಿಜವಾದ ನೀಲಿ ಸಿಗುತ್ತಿರಲಿಲ್ಲ. ಮೂರೂ ಬಣ್ಣ ಹಿಡಿಯುವ ಟೆಕ್ನಿಕಲರ್ ಪದ್ಧತಿಯನ್ನು ಡಿಸ್ನಿ 1932ರ ‘ಫ್ಲವರ್ಸ್ ಅಂಡ್ ಟ್ರೀಸ್’ನಲ್ಲಿ ಮೊದಲು ಬಳಸಿದ. ಆದ್ದರಿಂದ ಹಿಮದಲ್ಲಿ ನಡೆಯುತ್ತ ನಡೆಯುತ್ತ ಹಸಿರು ಮಿಡತೆ ನೀಲಿಗಟ್ಟುವುದನ್ನು ಸುಮ್ಮನೆ ನೋಡಿ ಬಿಡಬೇಡಿ. ಆ ಕಾಲದ ಪ್ರೇಕ್ಷಕರಿಗೆ ಆ ನೀಲಿಯೇ ಒಂದು ಸೋಜಿಗ. ಬಣ್ಣದಿಂದಲೇ ಚಳಿ ಹೇಳಬಹುದು ಎಂದು ಚಿತ್ರಕಲೆಯ ತರಗತಿಯಲ್ಲಿ ಎಷ್ಟು ವರ್ಷ ಬಾಯಿ ನೋಯಿಸಿಕೊಂಡೆ! ಈ ಅರ್ಧ ನಿಮಿಷ ತೋರಿಸಿದ್ದರೆ ಸಾಕಾಗುತ್ತಿತ್ತು.

ಇಂಗ್ಲಿಷ್ ಬಾರದ ಮಕ್ಕಳಿಗೆ ಅರ್ಥವಾಗುತ್ತದೆಯೇ?

ಆಗುತ್ತದೆ. ಪರದೆಯ ಪಕ್ಕದಲ್ಲಿ ನಿಂತು ನಾನು ಮೂರೇ ಮಾತು ಹೇಳುತ್ತೇನೆ: ಮಿಡತೆಯ ಹಾಡಿನ ತಿರುಳು, ರಾಣಿಯ ಎಚ್ಚರಿಕೆ, ರಾಣಿಯ ತೀರ್ಪು. ಅದಕ್ಕಿಂತ ಹೆಚ್ಚು ಬಾಯಿ ಹಾಕಿದರೆ ಮಕ್ಕಳು ಪರದೆ ಬಿಟ್ಟು ನನ್ನ ಮುಖ ನೋಡತೊಡಗುತ್ತಾರೆ.

ಮಿಡತೆ ತಂಬಾಕು ಉಗುಳುತ್ತದೆ. ಇದನ್ನು ಮಕ್ಕಳಿಗೆ ತೋರಿಸಬಹುದೇ?

ಗುಟ್ಕಾ ಚೀಟಿಗಳ ಮಾಲೆಯ ಕೆಳಗೇ ಚಾಕಲೇಟು ಕೊಳ್ಳುವ ಮಕ್ಕಳು ನಮ್ಮವರು, ಹಾಗಾಗಿ ತಾಯಂದಿರ ಆತಂಕ ನನಗೆ ಅರ್ಥವಾಗುತ್ತದೆ. ನಾನು ಆ ಭಾಗ ಕತ್ತರಿಸುವುದಿಲ್ಲ, ಅದರ ಬಗ್ಗೆ ಮಾತನಾಡುತ್ತೇನೆ. ಮಿಡತೆ ಹಿಡಿದು ಆಡಿದ ಯಾವ ಹುಡುಗನಿಗೂ ಗೊತ್ತಿರುವ ಸಂಗತಿಯೊಂದಿದೆ: ಬೆರಳಲ್ಲಿ ಒತ್ತಿ ಹಿಡಿದರೆ ಅದು ಬಾಯಿಂದ ಕಂದು ಬಣ್ಣದ ರಸ ಕಾರುತ್ತದೆ. ಶತ್ರುವಿನಿಂದ ತಪ್ಪಿಸಿಕೊಳ್ಳುವ ಉಪಾಯ ಅದು. ಅಮೆರಿಕದ ಹಳ್ಳಿ ಮಕ್ಕಳು ಅದನ್ನು ತಂಬಾಕಿನ ರಸ ಎಂದೇ ಕರೆಯುತ್ತಾರೆ. ಹುಳುವಿನ ಆ ಗುಣಕ್ಕೇ ಚಿತ್ರಕಾರರು ಮನುಷ್ಯನ ಚಟವನ್ನು ತೊಡಿಸಿದ್ದಾರೆ.

ಒಮ್ಮೆ ಶಿಬಿರದಲ್ಲಿ ಬೆಳಕಿಗೆ ಬಂದ ನಿಜವಾದ ಮಿಡತೆಯೊಂದು ಪರದೆಗೆ ಕಟ್ಟಿದ್ದ ಧೋತರದ ಮೇಲೆ, ಸರಿಯಾಗಿ ಪಿಟೀಲಿನ ತುದಿಯಲ್ಲೇ ಕುಳಿತುಬಿಟ್ಟಿತು. ಅವತ್ತು ಚಿತ್ರವನ್ನು ಯಾರೂ ನೋಡಲಿಲ್ಲ.

## ಕಥೆಯ ಬೇರು ಕೇಳುವವರಿಗೆ

ಇದು ಪಂಚತಂತ್ರದ ಕಥೆ ತಾನೇ?

ಅಲ್ಲ. ಹತ್ತರಲ್ಲಿ ಎಂಟು ಮಂದಿ ಹೀಗೇ ಅಂದುಕೊಂಡಿರುತ್ತಾರೆ, ಮೇಷ್ಟ್ರುಗಳೂ ಸೇರಿ. ಪ್ರಾಣಿಗಳು ಮಾತಾಡಿದರೆ ಪಂಚತಂತ್ರ ಎಂಬ ಲೆಕ್ಕ. ಇದು ಗ್ರೀಕರ ಈಸೋಪನ ಹೆಸರಿನಲ್ಲಿ ಬಂದ ಕಥೆ.

ಈಸೋಪನ ಕಥೆಯಲ್ಲಿಯೂ ಮಿಡತೆಯೇ ಇತ್ತೇ?

ಗ್ರೀಕ್ ಮೂಲದಲ್ಲಿ ಇದ್ದದ್ದು ಮರದ ತೊಗಟೆಗೆ ಅಂಟಿಕೊಂಡು ಕಿವಿ ತೂತಾಗುವಂತೆ ಕೂಗುವ ಜೀರುಂಡೆ. ಫ್ರಾನ್ಸಿನ ಲಾ ಫೊಂಟೇನ್ 1668ರಲ್ಲಿ ತನ್ನ ನೀತಿಕಥೆಗಳ ಮೊದಲ ಪುಸ್ತಕವನ್ನು ಶುರು ಮಾಡಿದ್ದೇ ಈ ಕಥೆಯಿಂದ, ಅವನಲ್ಲಿಯೂ ಜೀರುಂಡೆಯೇ. ಜೀರುಂಡೆಯ ಪರಿಚಯವಿಲ್ಲದ ಚಳಿ ದೇಶಗಳಿಗೆ ಹೋದಾಗ ಅದು ಮಿಡತೆಯಾಯಿತು. ರಷ್ಯಾದ ಕ್ರಿಲೋವ್ ಬರೆದಾಗ ಹೆಸರು ಡ್ರ್ಯಾಗನ್‌ಫ್ಲೈ, ಅಂದರೆ ನಮ್ಮ ಏರೋಪ್ಲೇನ್ ಚಿಟ್ಟೆ. ಕಥೆ ಊರು ಬದಲಿಸಿದಂತೆ ಹಾಡುವವನ ವೇಷ ಬದಲಾಗುತ್ತ ಹೋಗಿದೆ, ಇರುವೆ ಮಾತ್ರ ಎಲ್ಲ ಕಡೆ ಇರುವೆಯೇ. ಇರುವೆ ಇಲ್ಲದ ಊರು ಎಲ್ಲಿದೆ?

ಮೂಲದಲ್ಲಿ ಕೊನೆ ಹೀಗೆಯೇ ಇದೆಯೇ?

ಇಲ್ಲ. ಮೂಲ ಕಥೆ ಕಟುವಾದದ್ದು. ಚಳಿಗಾಲದಲ್ಲಿ ಇರುವೆಗಳು ನೆನೆದ ಕಾಳನ್ನು ಒಣಗಿಸುತ್ತಿರುತ್ತವೆ. ಜೀರುಂಡೆ ಬಂದು ಬೇಡುತ್ತದೆ. ಬೇಸಿಗೆಯಲ್ಲಿ ಏನು ಮಾಡುತ್ತಿದ್ದೆ? ಹಾಡುತ್ತಿದ್ದೆ. ಹಾಗಾದರೆ ಈಗ ಕುಣಿ. ಕಥೆ ಮುಗಿಯಿತು. ಕದ ತೆರೆಯುವ ಮಾತೇ ಇಲ್ಲ.

ಡಿಸ್ನಿಯ ಚಿತ್ರದಲ್ಲಿ ರಾಣಿ ಹೇಳುತ್ತಾಳೆ: ದುಡಿಯುವವರಿಗೆ ಮಾತ್ರ ಇಲ್ಲಿ ಜಾಗ, ಆದ್ದರಿಂದ ನಿನ್ನ ಪಿಟೀಲು ತೆಗೆದುಕೋ... ಇಲ್ಲಿ ಒಂದು ಕ್ಷಣದ ಮೌನವಿದೆ. ಮಿಡತೆಯ ಮುಖ ಬಾಡುತ್ತದೆ. ಆಮೇಲೆ, ಬಾರಿಸು! ಎನ್ನುತ್ತಾಳೆ. ಇಡೀ ಚಿತ್ರ ಆ ಒಂದು ಕ್ಷಣದ ಮೇಲೆ ನಿಂತಿದೆ. ಮಕ್ಕಳು ಉಸಿರು ಬಿಗಿಹಿಡಿಯುವುದು ಕತ್ತಲಲ್ಲೂ ನನಗೆ ಗೊತ್ತಾಗುತ್ತದೆ.

ಅದನ್ನು ಯಾಕೆ ಬದಲಾಯಿಸಿದರು?

ಡಿಸ್ನಿಯ ಮನಸ್ಸಿನಲ್ಲಿ ಏನಿತ್ತೆಂದು ನಾನು ಕಟ್ಟಿ ಹೇಳುವುದಿಲ್ಲ. ಆ ಕಾಲದ ಅಮೆರಿಕವನ್ನು ಮಾತ್ರ ನೆನಪಿಸುತ್ತೇನೆ. 1929ರಲ್ಲಿ ಷೇರುಪೇಟೆ ಕುಸಿದ ಮೇಲೆ 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಗಂಜಿ ಕೇಂದ್ರಗಳ ಮುಂದೆ ಸಾಲು ನಿಂತಿತ್ತು. ಆ ಸಾಲಿನಲ್ಲಿ ನಿಂತು ಬಂದವರು ಟಾಕೀಸಿನಲ್ಲಿ ಕುಳಿತಾಗ, ಹಸಿದು ಬಂದವನ ಮುಖಕ್ಕೆ ಕದ ಹಾಕುವ ಕಥೆ ತೋರಿಸಿದರೆ ಯಾರು ನಗುತ್ತಿದ್ದರು? ಇನ್ನೊಂದು ಕಾರಣ ನನ್ನದೇ ಊಹೆ. ಚಿತ್ರ ಮಾಡಿದವರೆಲ್ಲ ಚಿತ್ರ ಬರೆಯುವವರು, ವಾದ್ಯ ನುಡಿಸುವವರು. ಮಿಡತೆಯ ಜಾತಿಯವರು ತಮ್ಮವನನ್ನೇ ಹಿಮಕ್ಕೆ ಬಿಡುತ್ತಾರೆಯೇ?

ಮಿಡತೆ ಹಾಡುವ ಹಾಡಿನ ಅರ್ಥ ಏನು?

ಲೋಕ ನನ್ನ ಹೊಟ್ಟೆ ಹೊರೆಯುವ ಸಾಲ ಹೊತ್ತಿದೆ ಎಂಬುದು ಅದರ ಪಲ್ಲವಿ. ದೇವರು ಮರಮರದಲ್ಲೂ ಊಟ ಇಟ್ಟಿರುವಾಗ ಮೈಮುರಿಯುವುದೇಕೆ ಎಂದು ಅದರ ವಾದ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ ಎಂದು ನಮ್ಮ ಕಡೆ ಸೋಮಾರಿಗಳು ಹೇಳುವ ಮಾತೂ ಇದೇ. ಮಿಡತೆಯ ಮಟ್ಟಿಗೆ ದೇವರು ನಿಜಕ್ಕೂ ಹುಲ್ಲನ್ನೇ ಮೇಯಿಸುತ್ತಾನೆ ಎಂದರೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಕೊನೆಯಲ್ಲಿ ಅದೇ ಧಾಟಿಯಲ್ಲಿ ಸಾಲಗಾರ ತಿರುವುಮುರುವಾಗುತ್ತಾನೆ: ಲೋಕಕ್ಕೆ ನಾನೇ ಸಾಲಗಾರ.

ಸಂಗೀತ ಲೀ ಹಾರ್ಲೈನ್‌ರದು, ಸಾಹಿತ್ಯ ಲ್ಯಾರಿ ಮೋರೆಯವರದು. ಮಿಡತೆಯ ಕಂಠ ಪಿಂಟೊ ಕೋಲ್ವಿಗ್‌ರದು. ಡಿಸ್ನಿಯ ಇನ್ನೊಂದು ಕಾರ್ಟೂನ್ ಪಾತ್ರವಾದ ಗೂಫಿಗೂ ಇದೇ ಕಂಠ, ಮುಂದೆ ಗೂಫಿಯೂ ಈ ಹಾಡು ಗುನುಗುತ್ತ ತಿರುಗಿದ.

## ಎರಡನೇ ಸಲ ನೋಡಿದವರು ಕೇಳುವುದು

ಎಂಟು ನಿಮಿಷಕ್ಕೆ ಎಷ್ಟು ಚಿತ್ರ ಬರೆಯಬೇಕಾಗುತ್ತದೆ?

ಲೆಕ್ಕ ಸುಲಭ. ಸೆಕೆಂಡಿಗೆ 24 ಚೌಕಟ್ಟು, ಎಂಟು ನಿಮಿಷಕ್ಕೆ 11,520. ಒಂದೇ ಚಿತ್ರವನ್ನು ಎರಡು ಚೌಕಟ್ಟಿಗೆ ಹಿಡಿಸುವ ರೂಢಿಯೂ ಇದೆ, ಹಾಗೆ ಮಾಡಿದರೆ ಅರ್ಧ ಉಳಿಯುತ್ತದೆ. ಆದರೆ ಒಂದೇ ಚೌಕಟ್ಟಿನಲ್ಲಿ ಇಬ್ಬರು ಮೂವರು ಇದ್ದರೆ ಬೇರೆ ಬೇರೆ ಪಾರದರ್ಶಕ ಹಾಳೆಗಳು ಬೇಕಾಗುತ್ತವೆ, ಉಳಿದದ್ದು ಮತ್ತೆ ಖರ್ಚಾಗುತ್ತದೆ. ಸಾಲು ಸಾಲು ಇರುವೆಗಳ ದೃಶ್ಯ ಬಂದಾಗ ಪ್ರತಿ ಇರುವೆಗೂ ಆರು ಕಾಲಿಲ್ಲದಿರುವುದನ್ನು ಗಮನಿಸಿ. ಎರಡು ಕೈ, ಎರಡು ಕಾಲು. ಬರೆಯುವವರಿಗೂ ಹೊಟ್ಟೆಪಾಡು ಇರುತ್ತದಲ್ಲ.

ಹೆಜ್ಜೆ ಮತ್ತು ಸಂಗೀತ ಅಷ್ಟು ಸರಿಯಾಗಿ ಕೂಡುವುದು ಹೇಗೆ?

ಸಂಗೀತದ ತಾಳ ಮೊದಲು, ಚಿತ್ರ ಆಮೇಲೆ. 1928ರಲ್ಲಿ ಡಿಸ್ನಿಯ ಮಿಕ್ಕಿ ಮೌಸ್ ಚಿತ್ರ ‘ಸ್ಟೀಮ್‌ಬೋಟ್ ವಿಲ್ಲಿ’ ಮಾಡುವಾಗ, ಟಕ್ ಟಕ್ ಎಂದು ತಾಳ ಹಾಕುವ ಮೆಟ್ರೊನೋಮ್ ಯಂತ್ರ ಇಟ್ಟುಕೊಂಡು ತಾಳಕ್ಕೆ ಚೌಕಟ್ಟು ಎಣಿಸುವ ಉಪಾಯ ಹೇಳಿಕೊಟ್ಟವನು ಇದೇ ಜಾಕ್ಸನ್. ತಾಳಕ್ಕೆ 12 ಚೌಕಟ್ಟು ಎಂದು ಗೊತ್ತಾದರೆ ಹನ್ನೆರಡನೆಯ ಚಿತ್ರದಲ್ಲಿ ಕಾಲು ನೆಲಕ್ಕೆ ತಾಗುವಂತೆ ಬರೆದರಾಯಿತು.

ನಮ್ಮವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ತೊಗಲುಗೊಂಬೆಯಾಟ ನೋಡಿದವರಿಗೆ ಪರದೆ, ಹಿಂದಿನ ದೀಪ, ಬಣ್ಣದ ತೊಗಲಿನಲ್ಲಿ ಹಾದು ಬರುವ ಬೆಳಕು, ಹಾಡಿನ ಏಟಿಗೆ ಸರಿಯಾಗಿ ಏಳುವ ಗೊಂಬೆಯ ಕೈ ಎಲ್ಲ ಗೊತ್ತು. ಕೊಪ್ಪಳ ತಾಲ್ಲೂಕಿನ ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಂಬತ್ತು ದಾಟಿದ ವಯಸ್ಸು. ಕಾರ್ಟೂನಿನವರು ಸಾವಿರಾರು ಹಾಳೆಯಲ್ಲಿ ಚಲನೆ ಬರೆಯುತ್ತಾರೆ, ಗೊಂಬೆಯವರು ಒಂದೇ ತೊಗಲಿಗೆ ಕೀಲು ಹಚ್ಚಿ ಚಲನೆಯನ್ನು ಬೆರಳಲ್ಲಿ ಇಟ್ಟುಕೊಳ್ಳುತ್ತಾರೆ. ಯಾವುದು ಕಷ್ಟ ಎಂದು ನನ್ನನ್ನು ಕೇಳಬೇಡಿ.

ಇರುವೆ ನಿಜವಾಗಿಯೂ ಕಾಳು ಕೂಡಿಡುತ್ತದೆಯೇ? ಮಿಡತೆ ಬೇಡುತ್ತದೆಯೇ?

ಬೀಜ ಕೂಡಿಡುವ ಇರುವೆಗಳು ಇವೆ, ನಮ್ಮ ಎರೆಹೊಲಗಳಲ್ಲಿಯೂ ಇವೆ. ಗೂಡಿನ ಬಾಯಿಯ ಸುತ್ತ ಹೊಟ್ಟು ಬಳೆಯಂತೆ ಬಿದ್ದಿರುತ್ತದೆ. ಕಾಳು ನೆನೆದರೆ ಹೊರಗೆ ತಂದು ಒಣಗಿಸುತ್ತವೆ, ಈಸೋಪನ ಕಥೆಯಲ್ಲಿ ಈ ವಿವರ ಸರಿಯಾಗಿದೆ.

ಮಿಡತೆ ಮಾತ್ರ ಯಾರ ಬಾಗಿಲಿಗೂ ಹೋಗುವುದಿಲ್ಲ. ಚಳಿ ದೇಶಗಳಲ್ಲಿ ಹೆಚ್ಚಿನವು ಮಣ್ಣಿನಲ್ಲಿ ಮೊಟ್ಟೆ ಇಟ್ಟು ಚಳಿಗೆ ಮುಂಚೆ ಸಾಯುತ್ತವೆ. ಮುಂದಿನ ವರ್ಷಕ್ಕೆ ಅದು ಕೂಡಿಡುವುದು ಮೊಟ್ಟೆಯನ್ನೇ. ಪಿಟೀಲಿನ ವಿಷಯದಲ್ಲಿ ಚಿತ್ರಕಾರರು ಸುಳ್ಳು ಹೇಳಿಲ್ಲ. ಹಲವು ಜಾತಿಯ ಮಿಡತೆಗಳು ಹಿಂಗಾಲಿನ ಹಲ್ಲುಗಳನ್ನು ರೆಕ್ಕೆಯ ಅಂಚಿಗೆ ಉಜ್ಜಿಯೇ ಸದ್ದು ಮಾಡುತ್ತವೆ, ತಂತಿಗೆ ಕಮಾನು ಉಜ್ಜಿದಂತೆ.

ಈ ಕಥೆಯನ್ನು ಬೇರೆಯವರು ಚಿತ್ರ ಮಾಡಿಲ್ಲವೇ?

ಮಾಡಿದ್ದಾರೆ. ಸ್ಟಾರೆವಿಚ್ 1913ರಲ್ಲೇ ರಷ್ಯಾದಲ್ಲಿ ಕ್ರಿಲೋವನ ಕಥೆಯನ್ನು ಕೀಟಗೊಂಬೆಗಳನ್ನು ಕೂದಲೆಳೆಯಷ್ಟು ಸರಿಸುತ್ತ ಚಿತ್ರೀಕರಿಸಿದ. ಲೋಟೆ ರೈನಿಗರ್ 1954ರಲ್ಲಿ ಕಪ್ಪು ಕಾಗದ ಕತ್ತರಿಸಿ ನೆರಳಿನ ಚಿತ್ರ ಮಾಡಿದಳು. ತೊಗಲುಗೊಂಬೆ ಇಷ್ಟಪಡುವವರು ರೈನಿಗರ್‌ಳನ್ನು ತಪ್ಪದೆ ನೋಡಬೇಕು.

ನಮ್ಮಲ್ಲಿ ಹಿಮವೇ ಬೀಳುವುದಿಲ್ಲ. ಮಕ್ಕಳಿಗೆ ಚಳಿಗಾಲ ಎಂದರೆ ಏನೆಂದು ಹೇಳಲಿ?

ರಾಯಚೂರಿನ ಶಿಕ್ಷಕಿಯೊಬ್ಬರು ಕೇಳಿದ್ದು. ಊರು ಕಾದ ಹೆಂಚು, ಮಕ್ಕಳಿಗೆ ಚಳಿ ಎಂದರೆ ಒಂದು ಸ್ವೆಟರು. ಹಿಮದ ಬದಲು ಹಗೇವು ತೋರಿಸಿ ಎಂದೆ. ಹಿಂದೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ, ಒಳಗಿನ ಕೆಟ್ಟ ಗಾಳಿ ಪ್ರಾಣ ತೆಗೆಯುತ್ತದೆ. ನಮ್ಮಜ್ಜ ಕಲ್ಲು ಸರಿಸಿ, ಸಾಕಷ್ಟು ಹೊತ್ತು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದ. ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯುವುದು. ಹಗೇವು ಯಾಕೆ ಬೇಕಿತ್ತು ಎಂದು ಮಕ್ಕಳು ಕೇಳುತ್ತಾರೆ. ಆಗ ಬರ ಹೇಳಿ. 1876ರಿಂದ 78ರ ಬರ ಆಗ ಮದರಾಸು ಪ್ರಾಂತದಲ್ಲಿದ್ದ ಬಳ್ಳಾರಿ ಜಿಲ್ಲೆಯನ್ನು ಹಿಂಡಿ ಹಾಕಿತ್ತು. ನಮ್ಮ ನೆಲದ ಹಿಮಗಾಲ ಅದು.

## ಜಗಳಕ್ಕೆ ಬರುವ ಪ್ರಶ್ನೆಗಳು

ವರ್ಷವಿಡೀ ದುಡಿದರೂ ನಮಗೆ ಕೂಡಿಡಲು ಏನೂ ಉಳಿಯುವುದಿಲ್ಲ. ಈ ಕಥೆ ನಮ್ಮ ಪಾಲಿಗೆ ಸುಳ್ಳಲ್ಲವೇ?

ದೇವದುರ್ಗದ ಕಡೆಯ ತಾಯಿಯೊಬ್ಬರು ಕೇಳಿದರು. ಸುಗ್ಗಿ ಮುಗಿದರೆ ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಗುಳೆ ಹೋಗುವ ಕುಟುಂಬ. ಮಗಳನ್ನು ಅಜ್ಜಿಯ ಬಳಿ ಬಿಟ್ಟು ಹೋಗುವ ಹಿಂದಿನ ದಿನ ಶಿಬಿರಕ್ಕೆ ಬಂದಿದ್ದರು.

ಹೌದಮ್ಮ, ನಿಮ್ಮ ಪಾಲಿಗೆ ಸುಳ್ಳು ಎಂದೆ. ಚಿತ್ರದ ಇರುವೆ ಹೊತ್ತದ್ದು ತನ್ನ ಗೂಡಿಗೆ. ಅಲ್ಲಿ ಹೊಲದ ಒಡೆಯ ಇಲ್ಲ, ಸಾಲದ ಬಡ್ಡಿ ಇಲ್ಲ, ಮಳೆ ಕೈಕೊಡುವುದೂ ಇಲ್ಲ. ಇನ್ನೊಬ್ಬರ ಹಗೇವಿಗೆ ಕಾಳು ಹೊರುವ ಕೂಲಿ ಇರುವೆ ಈ ಎಂಟು ನಿಮಿಷದಲ್ಲಿ ಎಲ್ಲಿಯೂ ಕಾಣುವುದಿಲ್ಲ. ದುಡಿದರೆ ಉಣ್ಣುತ್ತೀ ಎನ್ನುವ ನೀತಿಯನ್ನು ದುಡಿದೂ ಉಣ್ಣದವರ ಮುಂದೆ ಹೇಳುವಾಗ ನನಗೆ ನಾಲಿಗೆ ತಡವರಿಸುತ್ತದೆ. ಅಂದಿನಿಂದ ಚಿತ್ರದ ಮೊದಲು ನೀತಿ ಹೇಳುವುದನ್ನು ಬಿಟ್ಟಿದ್ದೇನೆ.

ಹಾಗಾದರೆ ಇರುವೆಯೇ ಒಳ್ಳೆಯದು ಎಂದು ಹೇಳಬೇಡವೇ?

ಇರುವೆಯ ಬಗ್ಗೆ ಈಸೋಪನದೇ ಇನ್ನೊಂದು ಕಥೆಯಿದೆ, ಶಾಲೆಗಳಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ಇರುವೆ ಮೊದಲು ಮನುಷ್ಯನಾಗಿತ್ತು, ಒಕ್ಕಲಿಗ. ತನ್ನ ಬೆಳೆ ಸಾಲದೆ ನೆರೆಯವರ ಬೆಳೆಯನ್ನೂ ಕದಿಯುತ್ತಿದ್ದ. ದೇವರಾಜ ಸ್ಯೂಸ್ ಸಿಟ್ಟಾಗಿ ಅವನನ್ನು ಇರುವೆ ಮಾಡಿದ. ರೂಪ ಹೋಯಿತು, ಬುದ್ಧಿ ಹೋಗಲಿಲ್ಲ.

ನಮ್ಮ ಕಡೆಯ ಮಾತೇ ಬೇಕೆಂದರೆ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಇದ್ದಾರೆ. ಬಿದ್ದ ಅಕ್ಕಿ ಆರಿಸಿ ತರುವುದು ಮಾರಯ್ಯನ ಕಾಯಕ, ಇರುವೆಯ ಕಾಯಕ. ಒಂದು ದಿನ ದಿನದ ಪಾಲಿಗಿಂತ ಹೆಚ್ಚು ತಂದ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ, ಈ ಆಸೆ ನಿನಗೆ ಎಲ್ಲಿಂದ ಬಂತು ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದಳು. ಈಸೋಪನ ಇರುವೆಯ ಮುಂದೆ ಲಕ್ಕಮ್ಮನನ್ನು ನಿಲ್ಲಿಸಿ ಮಕ್ಕಳಿಂದ ಮಾತಾಡಿಸಿ. ಒಂದು ಗಂಟೆ ಹೋದದ್ದು ಗೊತ್ತಾಗುವುದಿಲ್ಲ.

ಹಾಡುವುದು ಕೆಲಸವೇ? ರಾಣಿ ಸೋಮಾರಿಗೆ ಸುಮ್ಮನೆ ಊಟ ಹಾಕಿದಳಲ್ಲವೇ?

ಅತಿ ಹೆಚ್ಚು ಜಗಳವಾಗುವುದು ಇಲ್ಲಿಯೇ. ಇದಕ್ಕೆ ನನ್ನ ಉತ್ತರ ಕಣದಲ್ಲಿದೆ.

ನನಗೆ ಏಳೋ ಎಂಟೋ ವರ್ಷ. ಯಲಬುರ್ಗಾ ಸೀಮೆಯ ಎರೆಹೊಲ, ಬಿಳಿಜೋಳದ ರಾಶಿ, ಸಂಜೆ. ಗಂಟೆ ಬಾರಿಸುತ್ತ ಎತ್ತಿನ ಮೇಲೆ ಹೆಳವರವನು ಬಂದ. ಕಣದ ಅಂಚಿನಲ್ಲಿ ಇಳಿದು ನಮ್ಮ ಮನೆತನದ ಹೆಸರುಗಳನ್ನು ಒಂದೊಂದಾಗಿ ಎಳೆದು ಹಾಡತೊಡಗಿದ: ಮೂಲ ಪುರುಷ ಯಾರು, ಯಾವ ಊರಿನಿಂದ ಬಂದ, ಯಾರಿಗೆ ಎಷ್ಟು ಮಕ್ಕಳು, ಯಾರು ಬರದಲ್ಲಿ ತೀರಿಕೊಂಡರು. ಅಜ್ಜ ಕೈಯಲ್ಲಿದ್ದ ಮೊರ ಕೆಳಗಿಟ್ಟು ಕೇಳುತ್ತ ನಿಂತ. ಮುಗಿದ ಮೇಲೆ ಅವನ ಚೀಲಕ್ಕೆ ಮೊರ ಮೊರ ಜೋಳ ಸುರಿದ. ಇವನು ಕಳೆ ಕೀಳಲು ಬಂದಿರಲಿಲ್ಲವಲ್ಲ ಎಂದು ನಾನು ಬಾಯಿಬಿಟ್ಟೆ. ಅಜ್ಜ ತಿರುಗಿ ನೋಡಿ, ನಿನ್ನ ಮುತ್ತಜ್ಜನ ಅಪ್ಪನ ಹೆಸರು ಹೇಳು ಎಂದ. ನನಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದೆ, ಅದರ ಕೂಲಿ ಇದು ಎಂದ.

ಆದ್ದರಿಂದ ಡಿಸ್ನಿಯ ರಾಣಿಯ ತೀರ್ಪು ನನಗೆ ಹೊಸದೆನಿಸಲಿಲ್ಲ. ಹೆಳವರಿಗೆ, ಕಥೆ ಹಾಡುವ ಬುಡ್ಗ ಜಂಗಮರಿಗೆ, ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತರಿಗೆ ರಾಶಿಯಲ್ಲಿ ಪಾಲು ಎತ್ತಿಡುವುದು ನಮ್ಮ ಸೀಮೆಯ ರೂಢಿಯಾಗಿತ್ತು. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ ಅಕ್ಷರ ಕಲಿಯದೆಯೇ ರಾತ್ರಿಗಟ್ಟಲೆ ಹಾಡುವ ಬುರ್ರಕಥೆಗಳನ್ನು ನೆನಪಿನಲ್ಲೇ ಹೊತ್ತಿದ್ದರು. 2014ರಲ್ಲಿ ತೀರಿಕೊಂಡರು. ಅದು ಕೆಲಸವಲ್ಲದಿದ್ದರೆ ಕಾಳು ಹೊರುವುದೂ ಕೆಲಸವಲ್ಲ.

ಆದರೆ ಹಳೆಯದನ್ನೆಲ್ಲ ಹಾಲು ಜೇನು ಮಾಡುವುದು ನನಗೆ ಒಗ್ಗದು. ಹೆಳವರವನು ಕಣದ ಅಂಚಿನಲ್ಲಿಯೇ ನಿಂತಿದ್ದ, ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಅಲೆಮಾರಿಗಳ ಗುಡಿಸಲು ಊರ ಹೊರಗೇ ಇತ್ತು. ಚಿತ್ರದ ರಾಣಿಯೂ ಮಿಡತೆ ಅಂಗಲಾಚಿದ ಮೇಲೆಯೇ ಪಿಟೀಲಿನ ಮಾತೆತ್ತಿದ್ದು. ಬೇಸಿಗೆಯಲ್ಲಿ ಅದೇ ಪಿಟೀಲು ಕೇಳಿದಾಗ ಅದು ಕೆಲಸ ಎಂದು ಅವಳಿಗೆ ಅನ್ನಿಸಿರಲಿಲ್ಲ.

## ತೋರಿಸಬೇಕೆನ್ನುವವರಿಗೆ

ನಮ್ಮ ಶಾಲೆಯಲ್ಲಿ ತೋರಿಸಿದರೆ ಹಕ್ಕಿನ ತಕರಾರು ಬರುತ್ತದೆಯೇ?

ಅಮೆರಿಕದಲ್ಲಿ ಈ ಚಿತ್ರದ ಹಕ್ಕು 2029ರ ಕೊನೆಯವರೆಗೆ ಇದೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಶಾಲೆಯ ಚಟುವಟಿಕೆಯ ಭಾಗವಾಗಿ ವಿದ್ಯಾರ್ಥಿಗಳು, ಸಿಬ್ಬಂದಿ ಮತ್ತು ಪಾಲಕರಿಗೆ ಮಾತ್ರ ತೋರಿಸಲು ವಿನಾಯಿತಿ ಇದೆ. ಆದ್ದರಿಂದ ಶಾಲೆಯೊಳಗೆ ಸರಿ, ಜಾತ್ರೆಯಲ್ಲಿ ಟಿಕೆಟ್ ಹಚ್ಚಿ ಬೇಡ. ಕದ್ದ ಪ್ರತಿ ಬೇಡ, ಸಿಲ್ಲಿ ಸಿಂಫನಿಗಳ ಡಿವಿಡಿ 2001ರಲ್ಲಿಯೇ ಬಂದಿದೆ.

ನಮ್ಮ ಊರಿಗೆ ಬರಲು ನೀವು ಎಷ್ಟು ತೆಗೆದುಕೊಳ್ಳುತ್ತೀರಿ?

ಬಸ್ ಚಾರ್ಜು. ಪರದೆಗೆ ಒಂದು ಬಿಳಿ ಧೋತರ ಒಗೆದಿಡಿ, ಹೊಲಿಗೆ ನಡುವೆ ಬರದಿರಲಿ. ಕರೆಂಟು ಏಳಕ್ಕೆ ಹೋಗುವ ಊರಾದರೆ ಮೊದಲೇ ತಿಳಿಸಿ. ಕಳೆದ ವರ್ಷ ಕುಷ್ಟಗಿ ಹತ್ತಿರದ ಒಂದು ಊರಿನಲ್ಲಿ ಚಿತ್ರ ಮುಗಿದ ಮೇಲೆ ಅಜ್ಜಿಯೊಬ್ಬರು ನಾಲ್ಕು ಸಜ್ಜೆ ರೊಟ್ಟಿ, ಒಂದು ಪೊಟ್ಟಣ ಶೇಂಗಾ ಚಟ್ನಿ ತಂದು ಚೀಲಕ್ಕೆ ಹಾಕಿದರು. ನಾನು ಬೇಡ ಎನ್ನಲಿಲ್ಲ.